ಹಸುವಿನ ಹಾಲೋ, ಸಸ್ಯದ ಹಾಲೋ: ಕಾಸರಗೋಡಿನ ಅಡುಗೆಮನೆಯಿಂದ ಒಂದು ಲೆಕ್ಕ

ಬದಿಯಡ್ಕ, ಕುಂಬಳೆ, ಮಂಜೇಶ್ವರದಂತಹ ಸಣ್ಣ ಪೇಟೆಗಳ ಅಂಗಡಿಗಳಲ್ಲಿಯೂ ಈಗ ಮಿಲ್ಮಾ ಹಾಲಿನ ಪ್ಯಾಕೆಟ್ಟುಗಳ ಫ್ರಿಜ್ಜಿನ ಪಕ್ಕದ ಕಪಾಟಿನಲ್ಲಿ ಸೋಯಾ, ಬಾದಾಮಿ, ಓಟ್ಸ್ ಎಂದು ಬರೆದ ರಟ್ಟಿನ ಪೆಟ್ಟಿಗೆಗಳು ಕಾಣಸಿಗುತ್ತವೆ. ಹಾಲು ಕುಡಿದರೆ ಹೊಟ್ಟೆ ಉಬ್ಬರಿಸುವವರು, ಕೊಬ್ಬು ಕಡಿಮೆ ಮಾಡಿ ಎಂದು ಡಾಕ್ಟರರಿಂದ ಹೇಳಿಸಿಕೊಂಡು ಬಂದವರು, ಬೆಂಗಳೂರಿನಿಂದ ರಜೆಗೆ ಬಂದ ಮಗಳು ‘ಇನ್ನು ನಾನು ಹಾಲು ಮುಟ್ಟುವುದಿಲ್ಲ’ ಎಂದುದಕ್ಕೆ ಏನು ಮಾಡುವುದೆಂದು ತಿಳಿಯದ ತಾಯಂದಿರು ಅವುಗಳನ್ನು ಎತ್ತಿ ನೋಡಿ, ಬೆಲೆ ಕಂಡು, ಮತ್ತೆ ಅಲ್ಲೇ ಇಡುವುದನ್ನು ನಾನು ಕಂಡಿದ್ದೇನೆ. ಯಾವುದು ಒಳ್ಳೆಯದು ಎಂಬುದೇ ಇವರೆಲ್ಲರ ಪ್ರಶ್ನೆ. ಆದರೆ ನಮ್ಮ ಮನೆಗಳಲ್ಲಿ ಹಾಲು ಒಂದೇ ಕೆಲಸ ಮಾಡುವುದಿಲ್ಲ. ಬೆಳಗ್ಗಿನ ಕಾಫಿಗೆ ಬಣ್ಣ ಕೊಡುವುದೂ ಅದೇ, ಮಧ್ಯಾಹ್ನದ ಊಟದ ಕೊನೆಗೆ ಮಜ್ಜಿಗೆಯಾಗುವುದೂ ಅದೇ, ಬೆಳೆಯುವ ಮಗುವಿನ ಲೋಟ ತುಂಬುವುದೂ ಅದೇ, ಮೀನು ಮೊಟ್ಟೆ ತಿನ್ನದ ಮನೆಯವರ ಎಲುಬು ಮತ್ತು ರಕ್ತಕ್ಕೆ ಬೇಕಾದದ್ದನ್ನು ಸದ್ದಿಲ್ಲದೆ ಒದಗಿಸುವುದೂ ಅದೇ. ಇವುಗಳಲ್ಲಿ ಯಾವ ಕೆಲಸದಿಂದ ಹಾಲನ್ನು ಬಿಡಿಸುತ್ತಿದ್ದೇವೆ ಎಂದು ಮೊದಲು ಗೊತ್ತುಮಾಡಿಕೊಳ್ಳದಿದ್ದರೆ, ಬದಲಿಗೆ ತಂದ ಪೆಟ್ಟಿಗೆಯಿಂದ ದುಡ್ಡೂ ದಂಡ, ಪೋಷಣೆಯೂ ದಂಡ.

ಮೊದಲಿಗೆ ಹೆಸರಿನ ವಿಚಾರ. ಭಾರತದ ಆಹಾರ ಸುರಕ್ಷತಾ ಮತ್ತು ಗುಣಮಟ್ಟ ಪ್ರಾಧಿಕಾರದ ನಿಯಮದ ಪ್ರಕಾರ ‘ಹಾಲು’ ಎಂಬ ಹೆಸರು ಪ್ರಾಣಿಯ ಕೆಚ್ಚಲಿನಿಂದ ಬಂದದ್ದಕ್ಕೆ ಮಾತ್ರ ಸಲ್ಲುತ್ತದೆ. 2021ರಲ್ಲಿ ಆ ಪ್ರಾಧಿಕಾರವು ಆನ್‌ಲೈನ್ ಮಾರಾಟಗಾರರಿಗೆ, ಸಸ್ಯಜನ್ಯ ಪಾನೀಯಗಳನ್ನು ಹಾಲೆಂದು ಕರೆದು ಮಾರಬಾರದೆಂದು ಸೂಚಿಸಿತು. ಅದರಿಂದಾಗಿಯೇ ಪೆಟ್ಟಿಗೆಗಳ ಮೇಲೆ ‘ಸೋಯಾ ಪಾನೀಯ’, ‘ಬಾದಾಮಿ ಪಾನೀಯ’ ಎಂಬ ಬರಹ ಇರುವುದು. ಬಹು ಹಿಂದಿನಿಂದ ಆ ಹೆಸರಿನಲ್ಲೇ ಬಳಕೆಯಲ್ಲಿರುವ ತೆಂಗಿನಕಾಯಿ ಹಾಲಿಗೆ ವಿನಾಯಿತಿ ಇದೆ. ನಮ್ಮ ಭಾಷೆಗೆ ಈ ನಿರ್ಬಂಧ ಎಂದೂ ಇರಲಿಲ್ಲ. ಕಾಯಿಹಾಲು, ರಾಗಿಹಾಲು, ಹಲ್ವಕ್ಕೆ ತೆಗೆಯುವ ಗೋಧಿಹಾಲು ಎಂದು ಅರೆದು ಹಿಂಡಿ ತೆಗೆದ ಬೆಳ್ಳನೆಯ ರಸಕ್ಕೆಲ್ಲ ಹಾಲೆಂದೇ ಹೇಳುತ್ತ ಬಂದವರು ನಾವು. ಈ ಬರಹದಲ್ಲಿಯೂ ಹಾಗೆಯೇ ಹೇಳುತ್ತೇನೆ. ಆದರೆ ಹೆಸರು ಒಂದಾದ ಮಾತ್ರಕ್ಕೆ ಒಳಗಿನ ಸರಕು ಒಂದೇ ಆಗುವುದಿಲ್ಲ ಎಂಬ ಎಚ್ಚರ ಓದುವವರಲ್ಲಿ ಇರಬೇಕು.

ಹಸುವಿನ ಹಾಲಿನಲ್ಲಿ ಇರುವುದೇನು

ಹಸುವಿನ ಹಾಲಿನ 100 ಮಿಲಿಲೀಟರಿನಲ್ಲಿ ಸುಮಾರು 3.2 ಗ್ರಾಂ ಪ್ರೋಟೀನು, ಸುಮಾರು 120 ಮಿಲಿಗ್ರಾಂ ಕ್ಯಾಲ್ಸಿಯಂ, ಐದು ಗ್ರಾಮಿಗೆ ಸ್ವಲ್ಪ ಕಡಿಮೆ ಲ್ಯಾಕ್ಟೋಸ್ ಎಂಬ ಸಕ್ಕರೆ ಇರುತ್ತದೆ. ಕೊಬ್ಬಿನ ಅಂಶವು ಪ್ಯಾಕೆಟ್ಟಿನ ಬಗೆಯನ್ನು ಹೊಂದಿಕೊಂಡು ಬದಲಾಗುತ್ತದೆ. ಡಬಲ್ ಟೋನ್ಡ್ ಹಾಲಿನಲ್ಲಿ ಶೇಕಡಾ 1.5, ಟೋನ್ಡ್ ಹಾಲಿನಲ್ಲಿ 3, ಸ್ಟ್ಯಾಂಡರ್ಡೈಸ್ಡ್ ಹಾಲಿನಲ್ಲಿ 4.5, ಫುಲ್ ಕ್ರೀಮ್ ಹಾಲಿನಲ್ಲಿ 6. ಕೊಬ್ಬಿನ ಭಯದಿಂದ ಹಾಲನ್ನೇ ಬಿಡಲು ಹೊರಟವರು ಈ ನಾಲ್ಕು ಅಂಕಿಗಳನ್ನು ಒಮ್ಮೆ ನೋಡುವುದು ಒಳ್ಳೆಯದು, ಏಕೆಂದರೆ ಅವರ ಸಮಸ್ಯೆಗೆ ಪ್ಯಾಕೆಟ್ಟಿನ ಬಣ್ಣ ಬದಲಾಯಿಸಿದರೆ ಸಾಕಾಗಬಹುದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 2020ರ ತನ್ನ ಶಿಫಾರಸಿನಲ್ಲಿ ವಯಸ್ಕರಿಗೆ ದಿನವೊಂದಕ್ಕೆ 1000 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕೆಂದು ಹೇಳಿದೆ. 200 ಮಿಲಿಲೀಟರಿನ ಒಂದು ಲೋಟ ಹಾಲಿನಿಂದ ಅದರ ಕಾಲು ಭಾಗ, ಅದೂ ದೇಹ ಚೆನ್ನಾಗಿ ಹೀರಿಕೊಳ್ಳಬಲ್ಲ ರೂಪದಲ್ಲಿ ದೊರೆಯುತ್ತದೆ.

ಇದಕ್ಕಿಂತ ಮುಖ್ಯವಾದದ್ದು ಬಿ12 ಜೀವಸತ್ವ. ಅಕ್ಕಿ, ಬೇಳೆ, ತರಕಾರಿ, ತೆಂಗಿನಕಾಯಿ, ಯಾವುದರಲ್ಲಿಯೂ ಇದು ಇಲ್ಲವೆಂದೇ ಹೇಳಬೇಕು. ಪ್ರಾಣಿಮೂಲದ ಆಹಾರದಲ್ಲಿ ಮಾತ್ರ ಇರುತ್ತದೆ. ಇಲ್ಲಿಯೇ ನಮ್ಮ ಜಿಲ್ಲೆಯ ಮನೆಗಳು ಎರಡು ಬಗೆಯಾಗುತ್ತವೆ. ವಾರಕ್ಕೆ ನಾಲ್ಕು ದಿನ ಬೂತಾಯಿ ಸಾರು ಉಣ್ಣುವ ಮನೆಗೆ ಬಿ12 ಮೀನಿನಿಂದಲೇ ಬೇಕಾದಷ್ಟು ಬರುತ್ತದೆ, ಸಣ್ಣ ಮೀನನ್ನು ಮುಳ್ಳುಸಹಿತ ಅಗಿದು ತಿನ್ನುವವರಿಗೆ ಕ್ಯಾಲ್ಸಿಯಮ್ಮೂ ಬರುತ್ತದೆ. ಅಂತಹವರು ಹಾಲು ಬಿಟ್ಟರೆ ಕಳೆದುಕೊಳ್ಳುವುದು ಕಡಿಮೆ. ಆದರೆ ಮೀನು ಮೊಟ್ಟೆ ತಿನ್ನದ ಮನೆಯಲ್ಲಿ, ಹವ್ಯಕರದ್ದಿರಲಿ ಬೇರೆಯವರದ್ದಿರಲಿ, ಬಿ12ಕ್ಕೆ ಉಳಿದಿರುವ ದಾರಿ ಹಾಲು, ಮೊಸರು, ಮಜ್ಜಿಗೆ ಮಾತ್ರ. ಆ ಮನೆಯವರು ಹಾಲಿನ ಬದಲು ಬಾದಾಮಿ ಪಾನೀಯ ಕುಡಿಯತೊಡಗಿದರೆ ಮೊದಲ ಒಂದೆರಡು ವರ್ಷ ಏನೂ ಗೊತ್ತಾಗುವುದಿಲ್ಲ, ಏಕೆಂದರೆ ಯಕೃತ್ತಿನಲ್ಲಿ ಸಂಗ್ರಹವಿದ್ದ ಬಿ12 ನಿಧಾನವಾಗಿ ಕರಗುತ್ತದೆ. ಬೆರಳ ತುದಿಯಲ್ಲಿ ಜೋಮು, ಆಯಾಸ, ಮರೆವು ಕಾಣಿಸಿಕೊಳ್ಳುವಾಗ ಅದನ್ನು ಹಾಲಿಗೆ ಸಂಬಂಧಿಸಿ ನೋಡುವವರು ಯಾರೂ ಇರುವುದಿಲ್ಲ. ಆದ್ದರಿಂದ ಈ ಮನೆಯವರಿಗೆ ನನ್ನ ಸಲಹೆ ಒಂದೇ: ಹಾಲನ್ನು ಪೂರ್ತಿ ಬಿಡುವುದಾದರೆ ಬಿ12 ಸೇರಿಸಿದ ಪಾನೀಯವನ್ನೇ ಆರಿಸಿಕೊಳ್ಳಿ ಅಥವಾ ಡಾಕ್ಟರರನ್ನು ಕೇಳಿ ಮಾತ್ರೆ ತೆಗೆದುಕೊಳ್ಳಿ. ಮೂರನೆಯ ದಾರಿ ಇಲ್ಲ.

ಸೋಯಾ: ಲೆಕ್ಕದಲ್ಲಿ ಹತ್ತಿರ, ನಾಲಗೆಗೆ ದೂರ

ಈ ಪೆಟ್ಟಿಗೆಗಳಲ್ಲಿ, ಪ್ರೋಟೀನಿನ ದೃಷ್ಟಿಯಿಂದ ಹಸುವಿನ ಹಾಲಿಗೆ ಸರಿದೊರೆಯಾಗಿ ನಿಲ್ಲಬಲ್ಲದ್ದು ಸೋಯಾ ಹಾಲು ಮಾತ್ರ. ಸಕ್ಕರೆ ಬೆರೆಸದ ಸೋಯಾ ಪಾನೀಯದ 100 ಮಿಲಿಲೀಟರಿನಲ್ಲಿ ಮೂರು ಗ್ರಾಮಿನ ಆಸುಪಾಸು ಪ್ರೋಟೀನು ಇರುತ್ತದೆ, ಅದರ ಗುಣಮಟ್ಟವೂ ಬೇರೆ ಕಾಳುಗಳಿಗಿಂತ ಮೇಲು. ಕ್ಯಾಲ್ಸಿಯಂ ಮಾತ್ರ ಸಹಜವಾಗಿ ಕಡಿಮೆ. ಪೆಟ್ಟಿಗೆಯ ಪಾನೀಯಕ್ಕೆ ಅದನ್ನು ಬೇರೆಯಾಗಿ ಬೆರೆಸಿರುತ್ತಾರೆ. ಹೀಗೆ ಬೆರೆಸಿದ ಕ್ಯಾಲ್ಸಿಯಂ ತಳಕ್ಕೆ ಇಳಿದು ಕೂರುವ ಸ್ವಭಾವದ್ದು. ಪೆಟ್ಟಿಗೆಯನ್ನು ಚೆನ್ನಾಗಿ ಕುಲುಕದೆ ಸುರಿದುಕೊಂಡವರು ಮೇಲಿನ ನೀರನ್ನಷ್ಟೇ ಕುಡಿದು, ದುಡ್ಡು ಕೊಟ್ಟು ಕೊಂಡ ಕ್ಯಾಲ್ಸಿಯಮ್ಮನ್ನು ಕೊನೆಗೆ ಕಸದ ಬುಟ್ಟಿಗೆ ಹಾಕುತ್ತಾರೆ.

ಮನೆಯಲ್ಲಿಯೂ ಮಾಡಬಹುದು. ಸೋಯಾ ಕಾಳನ್ನು ರಾತ್ರಿಯಿಡೀ ನೆನೆಸಿ, ಸಿಪ್ಪೆ ಉಜ್ಜಿ ತೆಗೆದು, ಕಾಳಿನ ಎಂಟು ಹತ್ತು ಪಟ್ಟು ನೀರಿನೊಂದಿಗೆ ಅರೆದು, ಬಟ್ಟೆಯಲ್ಲಿ ಹಿಂಡಿ, ಹದಿನೈದು ಇಪ್ಪತ್ತು ನಿಮಿಷ ಕುದಿಸಬೇಕು. ಕುದಿಸುವುದನ್ನು ಬಿಡುವಂತಿಲ್ಲ, ಏಕೆಂದರೆ ಹಸಿ ಸೋಯಾದಲ್ಲಿ ಪ್ರೋಟೀನು ಜೀರ್ಣವಾಗದಂತೆ ತಡೆಯುವ ಪದಾರ್ಥವೊಂದಿದ್ದು ಅದು ಕಾವಿಗೆ ಮಾತ್ರ ನಾಶವಾಗುತ್ತದೆ. ತಣ್ಣೀರಿನ ಬದಲು ಕುದಿಯುವ ನೀರು ಹಾಕಿ ಅರೆದರೆ ಹಸಿಕಾಳಿನ ವಾಸನೆ ಬಹಳ ಮಟ್ಟಿಗೆ ತಗ್ಗುತ್ತದೆ. ನಾನು ಮೊದಲ ಸಲ ಮಾಡಿದಾಗ ಈ ಗುಟ್ಟು ತಿಳಿದಿರಲಿಲ್ಲವಾದ್ದರಿಂದ, ಅಡುಗೆಮನೆಯಲ್ಲಿ ಎರಡು ದಿನ ಹಸಿ ಅವರೆಯನ್ನು ಜಜ್ಜಿಟ್ಟಂತಹ ವಾಸನೆ ಉಳಿದಿತ್ತು. ಮನೆಯಲ್ಲಿ ತಯಾರಿಸಿದ್ದಕ್ಕೆ ಕ್ಯಾಲ್ಸಿಯಮ್ಮಾಗಲಿ ಬಿ12 ಆಗಲಿ ಬೆರೆಸಿರುವುದಿಲ್ಲ. ಅದು ಪ್ರೋಟೀನಿಗೆ ಬದಲಿಯೇ ಹೊರತು ಹಾಲಿಗೆ ಬದಲಿಯಲ್ಲ.

ಕಾಫಿಯ ವಿಷಯದಲ್ಲಿ ಸೋಯಾ ಕೈಕೊಡುತ್ತದೆ. ಬಿಸಿ ಡಿಕಾಕ್ಷನ್ನಿನ ಮೇಲೆ ತಣ್ಣನೆಯ ಸೋಯಾ ಹಾಲು ಸುರಿದಾಗ, ಹುಳಿಯೂ ಬಿಸಿಯೂ ಒಟ್ಟಾಗಿ ಪ್ರೋಟೀನನ್ನು ಒಡೆಯಿಸಿಬಿಡುತ್ತವೆ. ಲೋಟದಲ್ಲಿ ಹಿಡಿಹಿಡಿಯಾಗಿ ತೇಲುವ ಬಿಳಿ ಚೂರುಗಳನ್ನು ಕಂಡು ನಮ್ಮ ಅತ್ತೆ ‘ಹಾಲು ಒಡೆದಿದೆ, ಚೆಲ್ಲು’ ಎಂದಾಗ, ಇದು ಹೊಸ ಪೆಟ್ಟಿಗೆ ಎಂದು ವಾದಿಸಲು ನನ್ನಲ್ಲಿ ಮಾತಿರಲಿಲ್ಲ. ಸೋಯಾ ಹಾಲನ್ನು ಮೊದಲು ಬೆಚ್ಚಗೆ ಮಾಡಿಟ್ಟುಕೊಂಡು, ಡಿಕಾಕ್ಷನ್ನನ್ನು ಸ್ವಲ್ಪ ಆರಿಸಿ, ಹಾಲಿಗೆ ಡಿಕಾಕ್ಷನ್ ಸೇರಿಸಬೇಕೇ ಹೊರತು ಡಿಕಾಕ್ಷನ್ನಿಗೆ ಹಾಲನ್ನಲ್ಲ. ಚಹಾಕ್ಕೆ ಇಷ್ಟು ತೊಂದರೆಯಿಲ್ಲ. ಸೋಯಾ ತಿಂದರೆ ಗಂಡಸರ ಹಾರ್ಮೋನು ಏರುಪೇರಾಗುತ್ತದೆ ಎಂಬ ಮಾತೊಂದು ಹರಿದಾಡುತ್ತಿದೆ. ದಿನಕ್ಕೆ ಒಂದೆರಡು ಲೋಟದ ಸಾಮಾನ್ಯ ಬಳಕೆಯಲ್ಲಿ ಅಂತಹ ಪರಿಣಾಮ ಮನುಷ್ಯರ ಮೇಲಿನ ಅಧ್ಯಯನಗಳಲ್ಲಿ ಕಂಡುಬಂದಿಲ್ಲ.

ಬಾದಾಮಿ, ಓಟ್ಸ್, ಗೇರುಬೀಜ

ಬಾದಾಮಿ ಪಾನೀಯದ ಬಗ್ಗೆ ನನಗೆ ಹೆಚ್ಚು ಗೌರವವಿಲ್ಲ, ಅದಕ್ಕೆ ಕಾರಣ ಪೆಟ್ಟಿಗೆಯ ಹಿಂಬದಿಯಲ್ಲೇ ಇದೆ. ಸಾಮಾನ್ಯವಾಗಿ ಅದರಲ್ಲಿ ಬಾದಾಮಿಯ ಪ್ರಮಾಣ ನೂರಕ್ಕೆ ಎರಡು ಮೂರು ಪಾಲು. ಎಂದರೆ 200 ಮಿಲಿಲೀಟರಿನ ಲೋಟದಲ್ಲಿ ನಾಲ್ಕರಿಂದ ಆರು ಗ್ರಾಂ ಬಾದಾಮಿ. ಒಂದು ಬಾದಾಮಿ ಒಂದು ಗ್ರಾಮಿಗಿಂತ ತುಸು ಹೆಚ್ಚು ತೂಗುವುದರಿಂದ, ಲೆಕ್ಕ ಹಾಕಿದರೆ ನಾಲ್ಕೈದು ಬಾದಾಮಿ. ಪ್ರೋಟೀನು 100 ಮಿಲಿಲೀಟರಿಗೆ ಅರ್ಧ ಗ್ರಾಮಿನ ಸುತ್ತಮುತ್ತ. ಉಳಿದದ್ದು ನೀರು, ದಪ್ಪ ಬರಿಸುವ ಅಂಟು, ಬೆರೆಸಿದ ಕ್ಯಾಲ್ಸಿಯಂ ಮತ್ತು ಅನೇಕ ವೇಳೆ ಸಕ್ಕರೆ. ಕ್ಯಾಲರಿ ಕಡಿಮೆ ಮಾಡಬೇಕೆಂದಿರುವವರಿಗೆ, ಚಹಾದ ಬಣ್ಣ ಬಿಳಿಚಿದರೆ ಸಾಕೆನ್ನುವವರಿಗೆ ಸರಿ. ಹಾಲಿನ ಬದಲು ಮಗುವಿಗೆ ಇದನ್ನು ಕೊಡುವುದು ಮಾತ್ರ ತಪ್ಪು.

ಓಟ್ಸ್ ಪಾನೀಯ ಕಾಫಿಗೆ ಚೆನ್ನಾಗಿ ಹೊಂದುತ್ತದೆ, ಒಡೆಯುವುದು ಅಪರೂಪ, ಬಾಯಿಗೆ ಸಿಹಿ. ಆ ಸಿಹಿಯ ಮೂಲವನ್ನು ಸಕ್ಕರೆ ಕಾಯಿಲೆಯವರು ತಿಳಿದಿರಬೇಕು. ತಯಾರಿಸುವಾಗ ಕಿಣ್ವ ಬೆರೆಸಿ ಓಟ್ಸಿನ ಪಿಷ್ಟವನ್ನು ಮಾಲ್ಟೋಸ್ ಎಂಬ ಸಕ್ಕರೆಯಾಗಿ ಒಡೆದಿರುತ್ತಾರೆ. ಹೊರಗಿನಿಂದ ಸಕ್ಕರೆ ಹಾಕಿಲ್ಲ ಎಂಬ ಬರಹ ನಿಜವೇ, ಆದರೆ ಒಳಗೆ ಹುಟ್ಟಿದ ಸಕ್ಕರೆ ಇದ್ದೇ ಇದೆ. ಪ್ರೋಟೀನು ಒಂದು ಗ್ರಾಮಿನಷ್ಟು.

ಗೇರುಬೀಜದ ಹಾಲನ್ನು ಮನೆಯಲ್ಲಿ ಮಾಡುವುದು ಎಲ್ಲಕ್ಕಿಂತ ಸುಲಭ, ಏಕೆಂದರೆ ಸೋಸುವ ಕೆಲಸವೇ ಇಲ್ಲ. ನಾಲ್ಕು ಗಂಟೆ ನೆನೆಸಿ ನುಣ್ಣಗೆ ಅರೆದರೆ ಮುಗಿಯಿತು. ಗೇರು ಎಂದೊಡನೆ ಎಣ್ಮಕಜೆಯ ಕಡೆಯವರಿಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದ ಗುಡ್ಡಗಳು ನೆನಪಾಗದೆ ಇರುವುದಿಲ್ಲ. ಆ ಸಿಂಪಡಣೆ 2000ದ ಹೊತ್ತಿಗೆ ನಿಂತಿತು, 2011ರಲ್ಲಿ ಸುಪ್ರೀಂ ಕೋರ್ಟು ಆ ವಿಷವನ್ನೇ ದೇಶದಲ್ಲಿ ತಡೆಯಿತು. ಇಂದಿನ ಗೇರುಬೀಜವನ್ನು ಆ ಭಯದಿಂದ ಬಿಡಬೇಕಾಗಿಲ್ಲ. ಬಿಡಬೇಕಾದರೆ ಬೆಲೆಯ ಕಾರಣಕ್ಕೆ ಬಿಡಬಹುದು.

ನಮ್ಮದೇ ಆದ ಹಾಲುಗಳು

ಕಾಯಿಹಾಲನ್ನು ಬಿಟ್ಟು ಕಾಸರಗೋಡಿನಲ್ಲಿ ಸಸ್ಯದ ಹಾಲಿನ ಮಾತು ಆಡುವುದಾದರೂ ಹೇಗೆ? ಶ್ಯಾವಿಗೆಗೆ ಬೆಲ್ಲ ಹಾಕಿದ ಕಾಯಿಹಾಲು, ಹಲಸಿನಹಣ್ಣಿನ ಪಾಯಸಕ್ಕೆ ಒಲೆಯಿಂದ ಇಳಿಸುವ ಮುನ್ನ ಸುರಿಯುವ ದಪ್ಪ ಹಾಲು, ಬೇಯಿಸುವುದಕ್ಕೆ ಎರಡನೆಯ ಮೂರನೆಯ ಸಲ ಹಿಂಡಿದ ತೆಳು ಹಾಲು, ಇವುಗಳಿಗೆ ಹಸುವಿನ ಹಾಲು ಎಂದೂ ಸಮನಾಗಲಿಲ್ಲ. ಹೆರೆಮಣೆಯ ಮೇಲೆ ಕುಳಿತು ಕಾಯಿ ತುರಿಯುವವರು ಚಿಪ್ಪಿನ ಹತ್ತಿರದ ಕಂದು ತುರಿಯನ್ನು ಬೇರೆ ಇಡುವುದು ಹಾಲಿನ ಬಣ್ಣಕ್ಕಾಗಿ. ಅರೆಯುವಾಗ ಉಗುರು ಬೆಚ್ಚನೆಯ ನೀರು ಹಾಕಿದರೆ ಕೊಬ್ಬು ಚೆನ್ನಾಗಿ ಬಿಡುತ್ತದೆ, ಮೊದಲ ಹಿಂಡಿಗೆ ನೀರು ಆದಷ್ಟು ಕಡಿಮೆ ಇರಬೇಕು. ದಪ್ಪ ಹಾಲು ಹಾಕಿದ ಮೇಲೆ ಪಾಯಸ ಕುದಿಯಬಾರದು, ಕುದಿದರೆ ಎಣ್ಣೆ ಬಿಟ್ಟು ಒಡೆದಂತಾಗುತ್ತದೆ. ಇದೆಲ್ಲ ಗೊತ್ತಿರುವ ಊರಿಗೆ ಕಾಯಿಹಾಲು ಹೊಸ ಬದಲಿಯಲ್ಲ. ಹಾಲು ಒಗ್ಗದವರ ಮನೆಯ ಪಾಯಸದ ಪ್ರಶ್ನೆ ಇಲ್ಲಿ ಹುಟ್ಟುವುದೇ ಇಲ್ಲ.

ಆದರೆ ಪಾಯಸಕ್ಕೆ ಒದಗಿದ್ದು ದಿನದ ಲೋಟಕ್ಕೂ ಒದಗುತ್ತದೆ ಎಂದುಕೊಳ್ಳಬಾರದು. ದಪ್ಪ ಕಾಯಿಹಾಲಿನಲ್ಲಿ ನೂರಕ್ಕೆ ಇಪ್ಪತ್ತು ಪಾಲು ಅಥವಾ ಅದಕ್ಕೂ ಮಿಕ್ಕಿ ಕೊಬ್ಬಿರುತ್ತದೆ. ಆ ಕೊಬ್ಬಿನ ಹತ್ತರಲ್ಲಿ ಒಂಬತ್ತು ಪಾಲು ಪರ್ಯಾಪ್ತ ಕೊಬ್ಬು, ಅಂದರೆ ಕೊಲೆಸ್ಟ್ರಾಲ್ ಏರಿಸುವ ಸ್ಯಾಚುರೇಟೆಡ್ ಕೊಬ್ಬು. ಹಾಲಿನ ಕೊಬ್ಬಿನಲ್ಲಿ ಆ ಪಾಲು ಮೂರನೆ ಎರಡರಷ್ಟು. ಕ್ಯಾಲ್ಸಿಯಂ ನಗಣ್ಯ, ಬಿ12 ಇಲ್ಲ, ಪ್ರೋಟೀನು ಅಲ್ಪ. ಕೊಲೆಸ್ಟ್ರಾಲಿನ ಕಾರಣಕ್ಕೆ ಹಸುವಿನ ಹಾಲು ಬಿಟ್ಟು ಕಾಯಿಹಾಲು ಹಿಡಿದವರನ್ನು ಕಂಡಿದ್ದೇನೆ. ಅದು ಮಳೆಗೆ ಹೆದರಿ ಹೊಳೆಗೆ ಹಾರಿದ ಹಾಗೆ. ಕಾಯಿಗೆ ಬೆಲೆ ಏರಿದಾಗ ಜೇಬಿಗೂ ಹಿತವಲ್ಲ. ಪ್ರಾಸಂಗಿಕವಾಗಿ ಇನ್ನೊಂದು ಗೊಂದಲವನ್ನು ಇಲ್ಲೇ ಬಿಡಿಸಬಹುದು. 1916ರಲ್ಲಿ ತೆಂಗು ಸಂಶೋಧನಾ ಕೇಂದ್ರವಾಗಿ ಹುಟ್ಟಿದ ನಮ್ಮ ಕೂಡ್ಲಿನ ಸಿಪಿಸಿಆರ್‌ಐ (ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ) ಪ್ರಚಾರಕ್ಕೆ ತಂದ ‘ಕಲ್ಪರಸ’ವನ್ನು ಕೆಲವರು ಕಾಯಿಹಾಲೆಂದು ತಿಳಿದಿದ್ದಾರೆ. ಅದು ತೆಂಗಿನ ಹೊಂಬಾಳೆಯಿಂದ ಇಳಿಸಿದ ಸಿಹಿರಸ, ಹಾಲಿನ ಬದಲಿಯ ಸಾಲಿಗೆ ಸೇರುವಂತಹದ್ದಲ್ಲ.

ಕ್ಯಾಲ್ಸಿಯಂ ಬೇಕೆನ್ನುವವರಿಗೆ ಕಾಯಿಗಿಂತ ರಾಗಿ, ಎಳ್ಳು ವಾಸಿ. ನೂರು ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಮಿಗೂ ಹೆಚ್ಚು, ಸಿಪ್ಪೆ ತೆಗೆಯದ ನೂರು ಗ್ರಾಂ ಎಳ್ಳಿನಲ್ಲಿ ಸಾವಿರ ಮಿಲಿಗ್ರಾಮಿಗೂ ಹೆಚ್ಚು ಕ್ಯಾಲ್ಸಿಯಂ ಇದೆ. ಈ ಅಂಕಿಗಳನ್ನು ಕೇಳಿ ಹಿಗ್ಗುವ ಮುನ್ನ ಎರಡು ಮಾತು. ರಾಗಿಯ ಕ್ಯಾಲ್ಸಿಯಂ ಬಹುಪಾಲು ಅದರ ಹೊರ ಸಿಪ್ಪೆಯಲ್ಲಿದೆ; ಮಣ್ಣಿ ಮಾಡುವಾಗ ನಾವು ರಾಗಿಯನ್ನು ಅರೆದು, ಬಟ್ಟೆಯಲ್ಲಿ ಸೋಸಿ, ಹಾಲನ್ನಷ್ಟೇ ಬಳಸಿ ಸಿಪ್ಪೆಯನ್ನು ಹಟ್ಟಿಯ ಹಸುವಿಗೆ ಹಾಕುತ್ತೇವೆ. ಮಗುವಿಗೆ ಹೋಗಬೇಕಾದ ಕ್ಯಾಲ್ಸಿಯಂ ಹೀಗೆ ಹಸುವಿಗೆ ಹೋಗುತ್ತದೆ. ದೊಡ್ಡವರಾದರೆ ಸೋಸದೆ, ಮೊಳಕೆ ಬರಿಸಿ ಹುರಿದು ಹುಡಿ ಮಾಡಿದ ರಾಗಿಯನ್ನು ಅಂಬಲಿ ಮಾಡಿಕೊಳ್ಳುವುದು ಮೇಲು. ಮೊಳಕೆಯಿಂದ, ಕ್ಯಾಲ್ಸಿಯಮ್ಮನ್ನು ಕಟ್ಟಿಹಾಕುವ ಫೈಟೇಟಿನ ಪ್ರಮಾಣವೂ ತಗ್ಗುತ್ತದೆ. ಎಳ್ಳಿನಲ್ಲಿಯೂ ಫೈಟೇಟು, ಆಕ್ಸಲೇಟುಗಳಿರುವುದರಿಂದ ಇರುವುದೆಲ್ಲ ದೇಹಕ್ಕೆ ದಕ್ಕುವುದಿಲ್ಲ. ಬೇಸಗೆಯಲ್ಲಿ ನಮ್ಮಲ್ಲಿ ಮಾಡುವ ಎಳ್ಳಿನ ಜ್ಯೂಸಿಗೆ ಬಿಳಿ ಎಳ್ಳಿಗಿಂತ ಸಿಪ್ಪೆಯಿರುವ ಕರಿ ಎಳ್ಳನ್ನು ಬಳಸುವುದು ಈ ದೃಷ್ಟಿಯಿಂದ ಲಾಭ.

ಮೊಸರು, ಮಜ್ಜಿಗೆ, ಮೇಲಾರ

ಹಾಲಿನ ಬದಲಿಯನ್ನು ಹುಡುಕುವುದು ಸುಲಭ, ಮೊಸರಿನ ಬದಲಿಯನ್ನು ಹುಡುಕುವುದು ಕಷ್ಟ. ಕುಚ್ಚಲಕ್ಕಿಯ ಅನ್ನಕ್ಕೆ ಕೊನೆಗೆ ಮಜ್ಜಿಗೆ ಬೀಳದಿದ್ದರೆ ಊಟ ಮುಗಿದಂತೆ ಆಗದ ನಾಡು ಇದು. ತಂಬುಳಿಯಾಗಲಿ ಮೇಲಾರವಾಗಲಿ ನಿಂತಿರುವುದೇ ಮಜ್ಜಿಗೆಯ ಹುಳಿಯ ಮೇಲೆ. ಸೋಯಾ ಹಾಲಿಗೂ ನೆಲಗಡಲೆಯ ಹಾಲಿಗೂ ಹೆಪ್ಪು ಹಾಕಬಹುದು. ಹಸುವಿನ ಮೊಸರು ಬೇಡವೆನ್ನುವವರು ಹಸಿಮೆಣಸಿನ ತೊಟ್ಟನ್ನು ಹಾಕಿ ಹೆಪ್ಪುಗಟ್ಟಿಸುತ್ತಾರೆ. ನೆಲಗಡಲೆಯ ಮೊಸರಿನಲ್ಲಿ ನಾನು ಸೌತೆಕಾಯಿಯ ಮೇಲಾರ ಮಾಡಿ ನೋಡಿದ್ದೇನೆ. ತೆಂಗಿನಕಾಯಿ, ಹಸಿಮೆಣಸಿನ ಜೊತೆಗೆ ಅರ್ಧ ಪಾಲು ಹೊಂದಿತು, ಆದರೆ ಕುದಿ ಬರುವ ಮೊದಲೇ ಇಳಿಸದಿದ್ದರೆ ಅಂಟಾಗುತ್ತದೆ, ನೆಲಗಡಲೆಯ ವಾಸನೆ ಪೂರ್ತಿ ಅಡಗುವುದೂ ಇಲ್ಲ. ಬರೀ ಮಜ್ಜಿಗೆಯಾಗಿ ಅನ್ನಕ್ಕೆ ಹಾಕಿಕೊಳ್ಳಲು ನನ್ನ ನಾಲಗೆ ಒಪ್ಪಲಿಲ್ಲ. ಹುಳಿ ಬೇಕಾದ ಪದಾರ್ಥಗಳಿಗೆ ಮಜ್ಜಿಗೆಯ ನಕಲು ಮಾಡುವುದಕ್ಕಿಂತ ಪುನರ್ಪುಳಿ, ಮಾವಿನಕಾಯಿ, ಅಂಬಟೆಯ ಕಡೆ ತಿರುಗುವುದು ಜಾಣತನ. ನಮ್ಮ ತೋಟದ ಬದಿಯಲ್ಲಿ ಹುಳಿಗೇನೂ ಬರವಿಲ್ಲ.

ಹೊಟ್ಟೆಗೆ ಒಗ್ಗದವರಿಗೆ

ಹಾಲು ಆಗುವುದಿಲ್ಲ ಎನ್ನುವವರಲ್ಲಿ ಎರಡು ವರ್ಗಗಳಿವೆ, ಇವನ್ನು ಬೆರೆಸಬಾರದು. ಹಾಲಿನ ಪ್ರೋಟೀನಿಗೆ ಅಲರ್ಜಿ ಇರುವವರು, ಹೆಚ್ಚಾಗಿ ಚಿಕ್ಕ ಮಕ್ಕಳು, ಮೈಮೇಲೆ ದದ್ದು, ವಾಂತಿ, ಉಸಿರಾಟದ ತೊಂದರೆ ಅನುಭವಿಸುತ್ತಾರೆ. ಅವರಿಗೆ ಒಂದು ಚಮಚವೂ ಅಪಾಯ, ಡಾಕ್ಟರರ ಮಾತೇ ಅಂತಿಮ. ಇನ್ನೊಂದು ವರ್ಗ ಲ್ಯಾಕ್ಟೋಸ್ ಅಸಹನೆಯವರದು. ಲ್ಯಾಕ್ಟೋಸನ್ನು ಒಡೆಯುವ ಲ್ಯಾಕ್ಟೇಸ್ ಎಂಬ ಕಿಣ್ವ ಎಳೆಯರಲ್ಲಿ ಯಥೇಚ್ಛವಾಗಿದ್ದು ಬೆಳೆದ ಮೇಲೆ ಅನೇಕರಲ್ಲಿ ತಗ್ಗುತ್ತದೆ. ಉತ್ತರ ಭಾರತಕ್ಕಿಂತ ದಕ್ಷಿಣದವರಲ್ಲಿ ಇದು ಹೆಚ್ಚು. ಇದು ರೋಗವಲ್ಲ. ಇಂತಹವರಲ್ಲಿ ಹೆಚ್ಚಿನವರು ಒಂದು ಸಲಕ್ಕೆ ಸುಮಾರು 12 ಗ್ರಾಂ ಲ್ಯಾಕ್ಟೋಸನ್ನು, ಅಂದರೆ ಹೆಚ್ಚುಕಡಿಮೆ ಒಂದು ಲೋಟ ಹಾಲನ್ನು, ದೊಡ್ಡ ತೊಂದರೆಯಿಲ್ಲದೆ ತಾಳಿಕೊಳ್ಳಬಲ್ಲರು. ಒಂದು ಕಾಫಿಯಲ್ಲಿರುವ ಹಾಲಿನಲ್ಲಿ ಅಷ್ಟು ಇರುವುದಿಲ್ಲ. ಮೊಸರಿನಲ್ಲಿ ಬ್ಯಾಕ್ಟೀರಿಯಾಗಳು ಲ್ಯಾಕ್ಟೋಸಿನ ಒಂದಿಷ್ಟು ಪಾಲನ್ನು ಮೊದಲೇ ತಿಂದಿರುತ್ತವೆ, ತುಪ್ಪದಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ. ಬರಿಹೊಟ್ಟೆಗೆ ಹಾಲು ಕುಡಿದು ಕಷ್ಟಪಡುವವರು ಊಟದೊಂದಿಗೆ ಮಜ್ಜಿಗೆ ಕುಡಿದು ನೋಡಲಿ. ಲ್ಯಾಕ್ಟೋಸನ್ನು ಮೊದಲೇ ಒಡೆದ ಹಸುವಿನ ಹಾಲೂ ಈಗ ದೊಡ್ಡ ಅಂಗಡಿಗಳಲ್ಲಿ ಸಿಗುತ್ತದೆ, ಅದರ ಪೋಷಕಾಂಶಗಳು ಉಳಿದ ಹಾಲಿನಷ್ಟೇ.

ಗಿಡ್ಡದ ಹಾಲು ಮತ್ತು ಎ2 ಮಾತು

ನಮ್ಮ ಊರಿನ ಹೋಲಿಕೆಯಲ್ಲಿ ಕಾಸರಗೋಡು ಗಿಡ್ಡವನ್ನು ಬಿಡುವಂತಿಲ್ಲ. ಸೊಂಟದೆತ್ತರಕ್ಕೆ ನಿಲ್ಲುವ, ಗುಡ್ಡದಲ್ಲಿ ಮೇಯ್ದು ಬರುವ, ದಿನಕ್ಕೆ ಒಂದೆರಡು ಲೀಟರ್ ಕೊಡುವ ಈ ತಳಿಯನ್ನು ಉಳಿಸಲೆಂದೇ ಬದಿಯಡ್ಕದ ಬಳಿಯ ಬೇಳದಲ್ಲಿ ಕೇರಳ ಸರಕಾರದ ಫಾರ್ಮು ಇದೆ. ಇದರ ಹಾಲನ್ನು ಎ2 ಎಂದು ಹೇಳಿ ಎರಡು ಮೂರು ಪಟ್ಟು ಬೆಲೆಗೆ ಮಾರುವವರಿದ್ದಾರೆ. ಬೀಟಾ ಕೇಸೀನ್ ಎಂಬ ಪ್ರೋಟೀನಿನ ಸರಪಣಿಯಲ್ಲಿ 67ನೆಯ ಕೊಂಡಿ ಬೇರೆಯಾಗಿರುವುದೇ ಎ1, ಎ2ಗಳ ವ್ಯತ್ಯಾಸ. ನಾಟಿ ಹಸುಗಳ ಹಾಲು ಬಹುತೇಕ ಎ2 ಎಂಬುದೂ ಸರಿ. ಆದರೆ ಎ1 ಹಾಲಿನಿಂದ ರೋಗ ಬರುತ್ತದೆಂಬುದಕ್ಕೆ ಆಧಾರ ಸಾಲದೆಂದು ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2009ರಲ್ಲಿಯೇ ಹೇಳಿತ್ತು. ನಮ್ಮಲ್ಲಿ 2024ರ ಆಗಸ್ಟಿನಲ್ಲಿ ಪ್ಯಾಕೆಟ್ಟಿನ ಮೇಲಿನ ಎ1, ಎ2 ಬರಹ ತೆಗೆಯಬೇಕೆಂದು ಆದೇಶ ಬಂದು, ಒಂದೇ ವಾರದೊಳಗೆ ಅದನ್ನು ಹಿಂದೆಗೆದುಕೊಂಡದ್ದೂ ಆಯಿತು. ಗಿಡ್ಡದ ಹಾಲನ್ನು ತಳಿ ಉಳಿಯಲೆಂದೋ ರುಚಿಗೆಂದೋ ಕೊಳ್ಳಿ. ಲ್ಯಾಕ್ಟೋಸ್ ಒಗ್ಗದವರಿಗೆ ಇದು ಪರಿಹಾರವಲ್ಲ, ಲ್ಯಾಕ್ಟೋಸ್ ಇದರಲ್ಲಿಯೂ ಅಷ್ಟೇ ಇದೆ. ನೆರೆಮನೆಯ ಹಟ್ಟಿಯಿಂದ ತಂದ ಹಾಲು ಯಾವ ತಳಿಯದ್ದಾದರೂ ಕುದಿಸದೆ ಕುಡಿಯಬಾರದು, ಬ್ರುಸೆಲ್ಲಾದಂತಹ ರೋಗಾಣುಗಳು ಹಸಿಹಾಲಿನಿಂದಲೂ ಮನುಷ್ಯರಿಗೆ ದಾಟುತ್ತವೆ.

ಮಕ್ಕಳು, ಮಾತ್ರೆ ನುಂಗುವವರು

ಒಂದು ವರ್ಷ ತುಂಬುವವರೆಗೆ ಮಗುವಿಗೆ ಎದೆಹಾಲಿನ ಬದಲು ಹಸುವಿನ ಹಾಲೂ ಬೇಡ, ಸಸ್ಯದ ಹಾಲೂ ಬೇಡ. ವರ್ಷ ತುಂಬಿದ ಮೇಲೆ ಹಾಲು ಕೊಡುವುದಾದರೆ ಕೊಬ್ಬು ತೆಗೆಯದ ಹಾಲೇ ಆಗಬೇಕು. ಹಸುವಿನ ಹಾಲು ಕೊಡಲಾಗದ ಮಗುವಿಗೆ ಕ್ಯಾಲ್ಸಿಯಂ, ಬಿ12 ಬೆರೆಸಿದ, ಸಕ್ಕರೆ ಹಾಕದ ಸೋಯಾವನ್ನು ಮಕ್ಕಳ ಡಾಕ್ಟರರನ್ನು ಕೇಳಿಕೊಂಡು ಕೊಡಬಹುದು. ಬಾದಾಮಿ, ಓಟ್ಸ್, ಅಕ್ಕಿಯ ಪಾನೀಯಗಳು ಆ ಜಾಗಕ್ಕೆ ಸಲ್ಲವು. ಇಲ್ಲಿನ ಅಂಗನವಾಡಿಗಳಲ್ಲಿ 2022ರಲ್ಲಿ ವಾರಕ್ಕೆ ಎರಡು ದಿನ ಹಾಲು, ಎರಡು ದಿನ ಮೊಟ್ಟೆ ಕೊಡತೊಡಗಿದರು. ತಲಪಾಡಿಯ ಆಚೆ ಕರ್ನಾಟಕದ ಶಾಲೆಗಳಲ್ಲಿ 2013ರಿಂದ ಕ್ಷೀರಭಾಗ್ಯ ಇದೆ. ಅಲರ್ಜಿಯಿರುವ ಮಗುವಿನ ತಾಯಿ ಟೀಚರಿಗೆ ಮೊದಲ ದಿನವೇ ತಿಳಿಸಿಡಬೇಕು.

ಥೈರಾಯ್ಡ್ ಮಾತ್ರೆ ನುಂಗುವವರಿಗೆ ಸೋಯಾ ಹಾಗೂ ಕ್ಯಾಲ್ಸಿಯಂ ಎರಡೂ ಮಾತ್ರೆಯ ಹೀರುವಿಕೆಗೆ ಅಡ್ಡಿ. ಆದ್ದರಿಂದ ಹಸುವಿನ ಹಾಲೇ ಇರಲಿ, ಸೋಯಾವೇ ಇರಲಿ, ಮಾತ್ರೆಗೂ ಲೋಟಕ್ಕೂ ನಡುವೆ ಸಾಕಷ್ಟು ಗಂಟೆಗಳ ಅಂತರವಿರಬೇಕು. ಮೂತ್ರಪಿಂಡದ ತೊಂದರೆಯಿರುವವರು ಯಾವ ಬದಲಾವಣೆಯನ್ನೂ ಸ್ವಂತ ನಿರ್ಧಾರದಿಂದ ಮಾಡಬಾರದು.

ಹಟ್ಟಿಯ ಲೆಕ್ಕ

ಪರಿಸರದ ಕಾರಣಕ್ಕೆ ಹಾಲು ಬಿಡುವವರ ವಾದದಲ್ಲಿ ಹುರುಳಿದೆ. ಪೂರ್ ಮತ್ತು ನೆಮೆಚೆಕ್ ಎಂಬ ಸಂಶೋಧಕರು 2018ರಲ್ಲಿ ‘ಸಯನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಜಾಗತಿಕ ಸರಾಸರಿಯಲ್ಲಿ ಒಂದು ಲೀಟರ್ ಹಸುವಿನ ಹಾಲಿಗೆ ಸುಮಾರು ಮೂರು ಕಿಲೋ ಹಸಿರುಮನೆ ಅನಿಲ ಹೊರಬೀಳುತ್ತದೆ. ಸೋಯಾ, ಓಟ್ಸ್, ಬಾದಾಮಿಗಳದ್ದು ಒಂದು ಕಿಲೋದ ಆಚೀಚೆ. ನೀರಿನ ವಿಷಯದಲ್ಲಿ ಬಾದಾಮಿ ಇತರ ಸಸ್ಯದ ಹಾಲುಗಳಿಗಿಂತ ಬಹಳ ದುಬಾರಿ, ಲೋಕದ ಬಾದಾಮಿಯಲ್ಲಿ ಹತ್ತರಲ್ಲಿ ಎಂಟು ಪಾಲು ಬೆಳೆಯುವುದು ನೀರಿನ ಅಭಾವದ ಕ್ಯಾಲಿಫೋರ್ನಿಯಾದಲ್ಲಿ. ಆದರೆ ಅಡಿಕೆ ತೋಟವಿರುವವರು ಹಸು ಸಾಕುವುದು ಹಾಲಿಗಾಗಿ ಮಾತ್ರವಲ್ಲ. ಹಟ್ಟಿಗೆ ಹಾಕಿದ ಸೊಪ್ಪು, ಸೆಗಣಿ ಗೊಬ್ಬರವಾಗಿ ಮರದ ಬುಡಕ್ಕೆ ಹೋಗುತ್ತದೆ, ಗೋಬರ್ ಗ್ಯಾಸಿನಲ್ಲಿ ಒಲೆ ಉರಿಯುತ್ತದೆ. ಆ ಹಸುವಿನ ಅನಿಲವನ್ನೆಲ್ಲ ಹಾಲಿನ ಲೆಕ್ಕಕ್ಕೆ ಬರೆಯುವುದು ನ್ಯಾಯವಲ್ಲ. ಹಾಗೆಂದು, ಕಡಿಮೆ ಹಾಲು ಕೊಡುವ ಹಸುವಿನ ಪ್ರತಿ ಲೀಟರಿನ ಮೀಥೇನು ಹೆಚ್ಚೇ ಇರುತ್ತದೆಂಬ ಮಾತನ್ನೂ ಮುಚ್ಚಿಡುವಂತಿಲ್ಲ. ಟಿಲ್ಲರು ಬಂದ ಮೇಲೆ ಗದ್ದೆಗೆ ಬೇಡವಾದ ಗಂಡುಕರು ಹಟ್ಟಿಯಿಂದ ಎಲ್ಲಿಗೆ ಹೋಗುತ್ತದೆ ಎಂದು ಮಕ್ಕಳು ಕೇಳಿದಾಗ ಹಸು ಸಾಕುವ ನಮ್ಮಂಥವರು ಮಾತು ತಿರುಗಿಸುತ್ತೇವೆ. ಆ ಒಂದು ಕಾರಣಕ್ಕೆ ಹಾಲು ಬಿಟ್ಟವರೊಡನೆ ನಾನು ವಾದಕ್ಕೆ ಇಳಿಯುವುದಿಲ್ಲ.

ಕೊಳ್ಳುವಾಗ, ಮತ್ತು ಎರಡು ವಾರ

ಬೆಲೆಯಲ್ಲಿ ಪೆಟ್ಟಿಗೆಯ ಸೋಯಾ ಪ್ಯಾಕೆಟ್ ಹಾಲಿನ ಎರಡು ಮೂರು ಪಟ್ಟು, ಬಾದಾಮಿ, ಓಟ್ಸ್ ನಾಲ್ಕೈದು ಪಟ್ಟು ಆಗುತ್ತವೆ. ಪೆಟ್ಟಿಗೆಯ ಬರಹ ಇಲ್ಲಿ ಹೆಚ್ಚಾಗಿ ಇಂಗ್ಲಿಷಿನಲ್ಲಿ, ಕೆಲವೊಮ್ಮೆ ಮಲಯಾಳದಲ್ಲಿ ಇರುವುದರಿಂದ, ಕನ್ನಡ ಮಾತ್ರ ಓದಬಲ್ಲ ಹಿರಿಯರು ಮಕ್ಕಳಿಂದ ಓದಿಸಿಕೊಳ್ಳಬೇಕು. ಅಂಕಿಗಳು ಎಲ್ಲ ಭಾಷೆಗೂ ಒಂದೇ ಆದ್ದರಿಂದ 100 ಮಿಲಿಲೀಟರಿನ ಸಾಲನ್ನು ಹುಡುಕಿ, ಪ್ರೋಟೀನು ಮೂರು ಗ್ರಾಮಿನ ಹತ್ತಿರವಿದೆಯೇ, ಕ್ಯಾಲ್ಸಿಯಂ 120 ಮಿಲಿಗ್ರಾಂ ಇದೆಯೇ, ಬಿ12 ಹೆಸರಿದೆಯೇ, ಸೇರಿಸಿದ ಸಕ್ಕರೆ ಸೊನ್ನೆಯೇ ಎಂದು ನೋಡಿದರೆ ಸಾಕು. ಈ ನಾಲ್ಕರಲ್ಲಿ ಎರಡೂ ಇಲ್ಲದ ಪೆಟ್ಟಿಗೆಯನ್ನು ಕಾಫಿಯ ಬಣ್ಣಕ್ಕೆ ಮಾತ್ರ ಇಟ್ಟುಕೊಳ್ಳಬಹುದು.

ಹೊಟ್ಟೆಯ ತೊಂದರೆಗಾಗಿ ಬದಲಿ ಹುಡುಕುವವರು ಎಲ್ಲವನ್ನೂ ಒಮ್ಮೆಗೇ ಬಿಡಬಾರದು. ಮೊದಲ ವಾರ ಹಾಲು, ಹಾಲಿನ ಚಹಾ, ಕಾಫಿ ಬಿಟ್ಟು ಮೊಸರು, ಮಜ್ಜಿಗೆ ಇಟ್ಟುಕೊಳ್ಳಬೇಕು. ಉಬ್ಬರ ಹೋದರೆ ಅಲ್ಲಿಗೇ ನಿಲ್ಲಿಸಬಹುದು, ಹೋಗದಿದ್ದರೆ ಎರಡನೆಯ ವಾರ ಮಜ್ಜಿಗೆಯನ್ನೂ ಬಿಟ್ಟು ನೋಡಬೇಕು. ಆಗಲೂ ಹೋಗದಿದ್ದರೆ ತಪ್ಪು ಹಾಲಿನದಲ್ಲ, ಡಾಕ್ಟರರ ಬಳಿ ಹೋಗಬೇಕು. ನನ್ನ ತಮ್ಮ ಇದೇ ಕ್ರಮದಲ್ಲಿ ಮಾಡಿದ. ಮೊದಲ ವಾರದಲ್ಲೇ ಹೊಟ್ಟೆ ಸರಿಯಾಯಿತು, ಮಜ್ಜಿಗೆ ಬಿಡಬೇಕಾಗಿ ಬರಲಿಲ್ಲ. ಆ ವಾರಕ್ಕೆಂದು ತಂದಿಟ್ಟ ಓಟ್ಸ್ ಪೆಟ್ಟಿಗೆಯನ್ನು ಅವನು ಎರಡು ದಿನ ಕುಡಿದು ಬದಿಗಿಟ್ಟ. ಈಗ ಬೆಳಗ್ಗೆ ಸಂಜೆ ಹಾಲು ಹಾಕದ ಕಟ್ಟನ್ ಚಾಯ ಕುಡಿಯುತ್ತಾನೆ, ಮಧ್ಯಾಹ್ನ ಎರಡು ಸೌಟು ಮಜ್ಜಿಗೆ ಹಾಕಿಸಿಕೊಂಡು ಉಣ್ಣುತ್ತಾನೆ.